ಪ್ರಸ್ತಕ್ಕೆ ಮುಂಚಿನ ಮೂರು ಮಧ್ಯಾಹ್ನ

ತಂಗಿಯ ಮದುವೆಗೆ ಚಪ್ಪರ ಹಾಕಿದ್ದರು, ಅದರಲ್ಲೇ ನನ್ನ ಮದುವೆಯೂ ಆಗಿಹೋಯಿತು. ತಮಾಷೆಗೆ ಹೇಳುತ್ತಿಲ್ಲ. ನಮ್ಮಲ್ಲಿ ಹೆಣ್ಣು ಕೊಟ್ಟು ಹೆಣ್ಣು ತರುವುದು ರೂಢಿ. ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಸೋದರಮಾವ ತನ್ನ ಮಗನಿಗೆ ನನ್ನ ತಂಗಿಯನ್ನು ಕೇಳಿದ. ಹಾಗಾದರೆ ನಿನ್ನ ಮಗಳನ್ನು ನಮ್ಮ ಹುಡುಗನಿಗೆ ಕೊಡು ಎಂದು ಅವ್ವ ಪಟ್ಟು ಹಿಡಿದಳು. ಒಂದೇ ಚಪ್ಪರ, ಒಂದೇ ವಾಲಗ, ಎರಡು ಮದುವೆ. ನನಗೆ ಇಪ್ಪತ್ತು, ಮಾವನ ಮಗಳಿಗೆ ಹದಿನೆಂಟು. ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು, ಚಿತ್ರದುರ್ಗದ ಕಾಲೇಜಿನಲ್ಲಿ ಆಗಷ್ಟೇ ಬಿ.ಎ.ಗೆ ಸೇರಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು.

ತಂಗಿಯ ಪ್ರಸ್ತ ಆ ವಾರವೇ ಆಯಿತು. ಪ್ರಸ್ತವೆಂದರೆ ಗಂಡ ಹೆಂಡತಿಯನ್ನು ಮೊದಲ ಸಲ ಒಂದು ಕೋಣೆಗೆ ಬಿಡುವ ಶಾಸ್ತ್ರ. ನನ್ನದನ್ನು ಚಿಕ್ಕಪ್ಪ ತಡೆದರು. ಹಿರಿಯೂರು ತಾಲ್ಲೂಕಿನ ನಮ್ಮ ಕುರಿ ಕಾಯುವ ವಂಶದಲ್ಲಿ ಮೊದಲು ಅಕ್ಷರ ಕಲಿತವರು ಅವರು. ಹೊಳಲ್ಕೆರೆಯಲ್ಲಿ ಶಾಲೆಯ ಹೆಡ್‌ಮಾಸ್ತರರು. ನನ್ನನ್ನು ಮಂದೆಯ ಹಿಂದಿನಿಂದ ಎಳೆದು ತಂದು ಹಾಸ್ಟೆಲಿಗೆ ಸೇರಿಸಿದವರೂ ಅವರೇ. ಅವರ ಮಾತಿಗೆ ಮನೆಯಲ್ಲಿ ಯಾರೂ ತಿರುಗಿ ಮಾತಾಡುತ್ತಿರಲಿಲ್ಲ.

"ಬಿ.ಎ. ಮುಗೀಲಿ. ಆಮೇಲೆ ಪ್ರಸ್ತ. ಎರಡು ಮಕ್ಕಳನ್ನ ಕಂಕುಳಲ್ಲಿ ಇಟ್ಕಂಡು ಕಾಲೇಜಿಗೆ ಹೋಗ್ತಾನಾ ಇವನು?" ಅಂದರು.

ಹಿರಿಯರು ಹೌದೌದು ಎಂದರು. ನನ್ನ ಹೆಂಡತಿ ತವರಲ್ಲೇ ಉಳಿದಳು, ನಾನು ಹಾಸ್ಟೆಲಿಗೆ ಬಂದೆ. ಒಂದು ವರ್ಷ ಕಳೆಯುವುದರೊಳಗೆ ಬಿ.ಎ. ಎಂಬುದು ಬಿ.ಎಡ್. ಆಯಿತು. ಬಿ.ಎಡ್. ಎಂಬುದು 'ಒಂದು ಕೆಲಸ ಅಂತ ಸಿಗಲಿ' ಎಂದಾಯಿತು. ಚಿಕ್ಕಪ್ಪ ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಹದಿನಾರಕ್ಕೆ ಅಪ್ಪನಾಗಿ ಓದು ಬಿಟ್ಟ ಹುಡುಗರನ್ನು ಅವರು ಶಾಲೆಯಲ್ಲಿ ಬೇಕಾದಷ್ಟು ಕಂಡಿದ್ದರು. ಆದರೆ ಇಪ್ಪತ್ತೆರಡರ ಗಂಡಸಿಗೆ, ಕೊರಳಿಗೆ ತಾಳಿ ಕಟ್ಟಿಸಿಕೊಂಡ ಇಪ್ಪತ್ತರ ಹೆಂಗಸಿಗೆ ಮೈ ಎಂಬುದೊಂದು ಇರುತ್ತದೆ ಎಂಬುದನ್ನು ಅವರು ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ. ಮದುವೆ ಹಳೆಯ ಕಾಲದ್ದು, ಸಂಸಾರ ಹೊಸ ಕಾಲದ್ದು. ಎರಡರ ನಡುವೆ ಸಿಕ್ಕಿಕೊಂಡವರು ನಾವಿಬ್ಬರು.

ಹಾಸ್ಟೆಲಿನಲ್ಲಿ ನನಗೆ 'ಮದುವೆಯಾದ ಬ್ರಹ್ಮಚಾರಿ' ಎಂದು ಹೆಸರಿಟ್ಟಿದ್ದರು. ಮದುವೆಯಿಲ್ಲದ ಹುಡುಗರೆಲ್ಲ ಇಲ್ಲದ ಸಾಹಸಗಳನ್ನು ಕೊಚ್ಚಿಕೊಳ್ಳುತ್ತಿದ್ದರು, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. "ನೀನು ಹೇಳಲೇ, ನಿನಗೆ ಲೈಸೆನ್ಸ್ ಐತಲ್ಲ," ಎಂದು ಕಾಡುತ್ತಿದ್ದರು. ಹೇಳಲು ಏನಿತ್ತು? ಸಮಾಜಶಾಸ್ತ್ರದ ಪರೀಕ್ಷೆಯಲ್ಲಿ ತಡವಾಗಿ ಮದುವೆಯಾಗುವುದರಿಂದ ಸಮಾಜಕ್ಕೆ ಆಗುವ ಪ್ರಯೋಜನಗಳನ್ನು ವಿವರಿಸಿ ಎಂಬ ಪ್ರಶ್ನೆ ಬಂದಾಗ ಮೂರು ಪುಟ ತುಂಬಿಸಿದೆ, ಒಳ್ಳೆಯ ಅಂಕವೂ ಬಂತು. ಅದೇ ರಾತ್ರಿ ನಿದ್ದೆ ಬಾರದೆ ಕೊಳಾಯಿಯ ಕೆಳಗೆ ತಲೆ ಇಟ್ಟು ಕೂತಿದ್ದೆ.

ಹಬ್ಬಕ್ಕೆ ಮಾವನ ಮನೆಗೆ ಹೋದರೆ ಇನ್ನೂ ಕಷ್ಟ. ಪ್ರಸ್ತವಾಗದ ಅಳಿಯ ಜಗುಲಿಯಲ್ಲಿ ಗಂಡಸರ ಜೊತೆ ಮಲಗಬೇಕು, ಹೆಂಡತಿಯ ಜೊತೆ ಮಾತಾಡಬಾರದು. ಅವಳು ಮುದ್ದೆ ಇಟ್ಟು ಸಾರು ಬಿಟ್ಟು ಒಳಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಮರಕೋತಿ ಆಡುವಾಗ ನನ್ನ ಕಾಲು ಹಿಡಿದು ಎಳೆದು ಬೀಳಿಸಿದ್ದ ಹುಡುಗಿ ಅವಳು, ನನ್ನನ್ನು ಬಾವ ಎಂದು ಕೂಗಿ ಬೆಳೆದವಳು. ಈಗ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಆ ತುತ್ತನ್ನು ದಿನಾ ಎದುರಿಗಿಟ್ಟು ತೋರಿಸುತ್ತಿದ್ದರು.

ನನ್ನ ಅವಸ್ಥೆ ಅರ್ಥವಾಗಿದ್ದದ್ದು ಅಪ್ಪನಿಗೆ ಒಬ್ಬನಿಗೇ. ಅಪ್ಪ ಓದಿದವನಲ್ಲ, ಕುರಿಯ ಹಿಂದೆಯೇ ಬದುಕಿದವನು. ಮರಿಗಳು ಮೇವಿಲ್ಲದ ಕಾಲಕ್ಕೆ ಹುಟ್ಟಬಾರದೆಂದು ನಮ್ಮ ಕುರಿಯವರು ಕೆಲವು ತಿಂಗಳು ಟಗರಿನ ಹೊಟ್ಟೆಯ ಕೆಳಗೆ ಗೋಣಿಯ ತುಂಡು ಕಟ್ಟಿಬಿಡುತ್ತಾರೆ. ಟಗರು ಕುರಿಯ ಹಿಂದೆ ಸುತ್ತುತ್ತದೆ, ಏರುತ್ತದೆ, ಆದರೆ ಏನೂ ನಡೆಯುವುದಿಲ್ಲ. ಒಂದು ರಜೆಯಲ್ಲಿ ನಾನು ಟಗರನ್ನು ಹಿಡಿದುಕೊಂಡಿದ್ದೆ, ಅಪ್ಪ ಗೋಣಿ ಕಟ್ಟುತ್ತಿದ್ದ. ತಲೆ ಎತ್ತದೆ ಹೇಳಿದ:

"ಇದಕ್ಕೆ ಕಟ್ಟಿದ್ದನ್ನ ಬಿಚ್ಚಾಕೆ ಒಂದು ಕಾಲ ಅಂತ ಐತೆ ಕಣಪ್ಪ. ನಿಮ್ ಚಿಕ್ಕಪ್ಪ ನಿನಗೆ ಕಟ್ಟಿರೋದನ್ನ ಯಾವಾಗ ಬಿಚ್ತಾನೋ ನಂಗೊತ್ತಿಲ್ಲ."

ನನಗೆ ನಗು ಬರಲಿಲ್ಲ. ಅಪ್ಪನ ಮುಂದೆ ಮೈಯೆಲ್ಲ ಬೆತ್ತಲಾದಂತಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮರುದಿನ ಚಿತ್ರದುರ್ಗಕ್ಕೆ ಹೊರಟುಬಂದೆ.

ಬಿ.ಎ. ಕೊನೆಯ ವರ್ಷ, ದೀಪಾವಳಿ ಕಳೆದ ಮೇಲೆ, ಹೊಸದುರ್ಗದ ಸಂತೆಯ ದಿನ ನೋಡಿಕೊಂಡು ಕ್ಲಾಸಿಗೆ ಚಕ್ಕರ್ ಹೊಡೆದು ಬಸ್ಸು ಹತ್ತಿದೆ. ಸಂತೆಯ ದಿನ ಮಾವ, ಅತ್ತೆ, ಬಾಮೈದ ಮೂವರೂ ಮನೆಯಲ್ಲಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರೀ ಮಾತಾಡಿಸಿ ಬರಲು ಹೋದೆ ಎಂದು ಬರೆದರೆ ಅದು ಸುಳ್ಳು. ಈ ವಯಸ್ಸಿನಲ್ಲಿ ಆ ಸುಳ್ಳು ಬೇಡ. ಬಸ್ಸು ಹೊಳಲ್ಕೆರೆಯಲ್ಲಿ ನಿಂತಾಗ ಚಿಕ್ಕಪ್ಪ ಕಂಡುಬಿಟ್ಟಾರೆಂದು ಟವೆಲನ್ನು ತಲೆಗೆ ಸುತ್ತಿಕೊಂಡು ಕಾಯಿಲೆಯವನ ಹಾಗೆ ಸೀಟಿಗೆ ಒರಗಿದ್ದೆ. ಸ್ವಂತ ಹೆಂಡತಿಯನ್ನು ನೋಡಲು ಕಳ್ಳನ ಹಾಗೆ ಹೋಗುತ್ತಿದ್ದೆ.

ಬಾಗಿಲಲ್ಲಿ ತಂಗಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಈಗ ಆ ಮನೆಯ ಸೊಸೆ ಅವಳು. ನನ್ನನ್ನು ನೋಡಿ ಎದ್ದು, ಏನನ್ನೂ ಕೇಳದೆ, "ಕುಂತ್ಕ, ಟೀ ಕಾಸ್ತೀನಿ," ಅಂದಳು. ಟೀ ಕೊಟ್ಟ ಮೇಲೆ ಅವರೆಕಾಯಿಯ ಮೊರ ಎತ್ತಿಕೊಂಡು ಮತ್ತೆ ಬಾಗಿಲಿಗೆ ಹೋದಳು. "ಅವಳು ಕಾಯಿ ಅಟ್ಟದಾಗ ಇದಾಳೆ," ಎಂದು ಬೀದಿಯ ಕಡೆ ನೋಡುತ್ತಲೇ ಹೇಳಿದಳು.

ತೆಂಗಿನ ತೋಟದವರ ಮನೆಗಳಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರಿ ಕೊಬ್ಬರಿಯಾಗುವ ತನಕ ತಿಂಗಳುಗಟ್ಟಲೆ ಬಿಡುತ್ತಾರೆ. ಕೊಬ್ಬರಿಯಾಯಿತೋ ಇಲ್ಲವೋ ಎಂದು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವಳ ಕೆಲಸವಾಗಿತ್ತು. ನಾನು ಏಣಿ ಹತ್ತಿ ತಲೆ ತೂರಿಸಿದಾಗ ಅವಳ ಕೈಯಲ್ಲೊಂದು ಕಾಯಿ ಇತ್ತು, ಕೂದಲ ತುಂಬ ನಾರಿನ ಪುಡಿ. ಹೆದರಲಿಲ್ಲ. ನಕ್ಕಳು.

"ಬಾವ, ನಮಗೆ ಮದುವೆ ಆಗೈತೆ ಅಲ್ವ?"

"ಆಗೈತೆ."

"ಮತ್ತೆ ಯಾಕಂಗೆ ಬೆವತಿದೀಯ?"

ಆ ವರ್ಷ ಅಂಥ ಮಧ್ಯಾಹ್ನಗಳು ಮೂರೇ ಮೂರು. ಅವುಗಳ ಬಗ್ಗೆ ಹೆಚ್ಚು ಬರೆಯುವುದು ಅವಳಿಗೆ ಇಷ್ಟವಾಗಲಾರದು. ಒಂದು ಮಾತು ಹೇಳಬೇಕು: ಅದರಲ್ಲಿ ತಪ್ಪು ಇದೆ ಎಂದು ಆ ಅಟ್ಟದ ಮೇಲೆ ನಮಗೆ ಒಂದು ಸಲವೂ ಅನ್ನಿಸಲಿಲ್ಲ. ಏಣಿ ಇಳಿದು ನೆಲಕ್ಕೆ ಕಾಲಿಟ್ಟ ಕೂಡಲೇ ನನಗೆ ಅನ್ನಿಸುತ್ತಿತ್ತು, ಅವಳಿಗೆ ಆಗಲೂ ಅನ್ನಿಸುತ್ತಿರಲಿಲ್ಲ.

ಎರಡನೆಯ ಸಲ ಹೋಗುವ ಮುಂಚೆ ಬುದ್ಧಿ ಕೆಲಸ ಮಾಡಿತ್ತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಊರಿನ ಗೋಡೆಗಳ ಮೇಲೆಲ್ಲ ಇತ್ತು, ನಿರೋಧ್ ಬೀಡಿ ಅಂಗಡಿಯಲ್ಲೂ ಸಿಗುತ್ತಿತ್ತು. ಚಿತ್ರದುರ್ಗದ ಒಂದು ಅಂಗಡಿಯ ಮುಂದೆ ಕಾಲು ಗಂಟೆ ನಿಂತೆ. ಅಂಗಡಿಯವನು ಹೊಳಲ್ಕೆರೆ ಕಡೆಯವನು, "ಮೇಷ್ಟ್ರ ಅಣ್ಣನ ಮಗ ಅಲ್ವೇನಪ್ಪ ನೀನು, ಏನು ಬೇಕು?" ಅಂದ. ಬ್ಲೇಡು ಕೇಳಿದೆ. ಬೇರೆ ಅಂಗಡಿಗೆ ಹೋದೆ, ಅಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಅಲ್ಲೂ ಬ್ಲೇಡು ಕೊಂಡೆ. ಸರಿಯಾಗಿ ಗಡ್ಡ ಕೂಡ ಬಾರದ ಮುಖ ನನ್ನದು. ಆಮೇಲೆ ಮತ್ತೆ ಪ್ರಯತ್ನಿಸಲಿಲ್ಲ.

ಯುಗಾದಿಯ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಚಿಕ್ಕಪ್ಪ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮಾವನ ಕಡೆಯಿಂದ ಬಂದ ಕಾರ್ಡು. "ಬಟ್ಟೆ ಹಾಕ್ಕ, ಹೋಗಾಣ," ಅಂದರು. ಬಸ್ಸು ಊರು ದಾಟಿದ ಮೇಲೆ ಮಾತು ತೆಗೆದರು.

"ಆ ಹುಡುಗಿ ಬಸುರಿಯಂತೆ. ಎರಡು ತಿಂಗಳು ದಾಟೈತೆ. ನೀನೇ ಬಂದಿದ್ದೆ ಅಂತ ಹೇಳ್ತಾಳಂತೆ."

ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

"ನಮ್ಮ ಹುಡುಗ ಅಂಥವನಲ್ಲ, ಹಾಸ್ಟೆಲ್ ಬಿಟ್ಟು ಅಲ್ಲಾಡಿಲ್ಲ ಅಂತ ನಾನು ಹೇಳಿ ಕಳಿಸಿದೀನಿ. ಏನಾದ್ರೂ ಇದ್ರೆ ಇಲ್ಲೇ ಹೇಳಿಬಿಡು. ನಾನು ಇಷ್ಟು ವರ್ಷ ನಿನ್ನ ಹಿಂದೆ ಬಿದ್ದು ಓದಿಸಿದ್ದು ನೀನು ಹಿಂಗೆ ಮಾಡಲಿ ಅಂತಾನಾ? ಹಂಗಿದ್ರೆ ಇವತ್ತೇ ಕುರಿ ಹಿಂದೆ ಹೋಗು. ಹೇಳು, ಹೋಗಿದ್ಯಾ?"

"ಇಲ್ಲ," ಅಂದೆ.

ಇಷ್ಟೇ. ಯೋಚನೆ ಮಾಡಿ ಹೇಳಿದ ಮಾತಲ್ಲ. ಶಾಲೆಯಲ್ಲಿ ಮೇಷ್ಟರು ಗಾಜು ಒಡೆದವನು ಯಾರೆಂದು ಕೇಳಿದಾಗ ಬರುತ್ತದಲ್ಲ, ಅಂಥ ಇಲ್ಲ. ಹೊಳಲ್ಕೆರೆ ಬರುವ ತನಕ ಅದನ್ನು ವಾಪಸು ತೆಗೆದುಕೊಳ್ಳಬಹುದಿತ್ತು. ಹೊಸದುರ್ಗ ಬರುವ ತನಕವೂ ತೆಗೆದುಕೊಳ್ಳಬಹುದಿತ್ತು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಕೊಡಿಸಿದರು. ತಿಂದೆ.

ಮಾವನ ಮನೆಯ ಜಗುಲಿಯಲ್ಲಿ ಮಾವ, ಬಾಮೈದ, ಊರಿನ ಇಬ್ಬರು ಹಿರಿಯರು ಇದ್ದರು. ಅಪ್ಪನೂ ಬಂದು ಕೂತಿದ್ದ; ಆ ತಿಂಗಳು ಅವನ ಮಂದೆ ಅದೇ ಕಡೆಯ ತೋಟಗಳಲ್ಲಿ ಗೊಬ್ಬರಕ್ಕೆಂದು ನಿಂತಿತ್ತು. ಹೆಂಗಸರು ಬಾಗಿಲ ಒಳಗೆ. ಅವಳು ಅಲ್ಲಿದ್ದಾಳೆಂದು ಬಳೆಯಿಂದ ಗೊತ್ತಾಯಿತು. ಅವಳಿಗೆ ಹೊಡೆದಿದ್ದರು ಎಂಬುದು ನನಗೆ ಆಮೇಲೆ ತಿಳಿದದ್ದು.

ಮಾವ ನೇರವಾಗಿ ನನ್ನನ್ನೇ ಕೇಳಿದ. "ನೀನು ಬಂದಿದ್ಯೇನಪ್ಪ?"

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಪ್ಪ, "ಬಂದಿಲ್ಲ. ನಾನು ಕೇಳೀನಿ. ಅವನು ನನ್ನ ಹತ್ರ ಸುಳ್ಳು ಹೇಳಾಕಿಲ್ಲ," ಅಂದರು.

ಮಾವ ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ಮಾತು ಸಾಕಿತ್ತು. ಬಂದಿದ್ದೆ ಎಂದರೆ ನನಗೆ ಆಗುತ್ತಿದ್ದದ್ದು ಚಿಕ್ಕಪ್ಪನ ಬೈಗುಳ. ಸುಮ್ಮನಿದ್ದರೆ ಅವಳಿಗೆ ಆಗುವುದು ಬೇರೆ. ಯಾವನದೋ ಬಸಿರು ಹೊತ್ತವಳು ಎಂಬ ಮಾತು ಒಂದು ಸಲ ಬೀದಿಗೆ ಬಿದ್ದರೆ ಅವಳು ಬಾವಿಯನ್ನೋ ಹಗ್ಗವನ್ನೋ ನೋಡಿಕೊಳ್ಳಬೇಕಿತ್ತು. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ನೆಲ ನೋಡುತ್ತ ಕೂತೆ. ಮದುವೆಯಾದ ಗಂಡ ತಾನು ಹೆಂಡತಿಯ ಹತ್ತಿರ ಹೋಗಿದ್ದೆನೆಂದು ಹೇಳಲು ನಾಚಿಕೊಂಡು ಕೂತಿದ್ದ. ಬೇರೆ ಜನಕ್ಕೆ ಇದು ಅರ್ಥವಾಗುವುದೂ ಕಷ್ಟ.

ಒಳಗೆ ಅತ್ತೆ, "ಹೇಳೇ, ಯಾರು ಹೇಳೇ," ಎಂದು ಅವಳನ್ನು ಕೇಳುವುದು ಕೇಳಿಸಿತು. ಅಷ್ಟು ದಿನ 'ಬಾವ ಬಂದಿದ್ದ' ಎಂದು ಹೊಡೆತ ತಿಂದರೂ ಹೇಳಿದವಳು, ನಾನು ಬಂದು ಜಗುಲಿಯಲ್ಲಿ ಸುಮ್ಮನೆ ಕೂತ ಮೇಲೆ ಬಾಯಿ ಮುಚ್ಚಿದಳು.

ಹೊರಗೆ ಬಂದವಳು ನನ್ನ ತಂಗಿ. ಗಂಡಸರ ಮುಂದೆ ಬಂದು ನಿಲ್ಲಬಾರದ ಸೊಸೆ, ಸೆರಗು ಕೂಡ ಸರಿಮಾಡಿಕೊಳ್ಳದೆ ಬಂದು ನಿಂತಳು.

"ಬಂದಿದ್ದ. ಮೂರು ಸಲ ಬಂದಿದ್ದ. ಟೀ ಕಾಸಿ ಕೊಟ್ಟೋಳು ನಾನು. ಬಾಗಿಲು ಕಾದೋಳೂ ನಾನೇ. ಅಣ್ಣಯ್ಯ, ತಲೆ ಎತ್ತು. ನನ್ನ ಮುಖ ನೋಡಿ ಇಲ್ಲ ಅನ್ನು."

ನಾನು ತಲೆ ಎತ್ತಲಿಲ್ಲ. ಎಲ್ಲರೂ ಅದನ್ನೇ ಹೌದು ಎಂದು ತಿಳಿದುಕೊಂಡರು. ಬಾಯಿಬಿಟ್ಟು ಹೌದು ಅನ್ನುವ ಕಷ್ಟವನ್ನೂ ನನಗೆ ಯಾರೂ ಕೊಡಲಿಲ್ಲ. ತಂಗಿಗೆ ಮಾತ್ರ ಆ ಸಂಜೆ ಗಂಡನಿಂದ ಒದೆ ಬಿತ್ತು, ಬಾಗಿಲು ಕಾದದ್ದಕ್ಕೆ.

ಆಮೇಲೆ ಜಗುಲಿಯ ಬಿಗಿ ಸಡಿಲವಾಯಿತು. ಹಿರಿಯರಲ್ಲಿ ಒಬ್ಬ, "ಗಂಡನೇ ಅಲ್ವ, ಅತ್ಲಾಗೆ ಬಿಡ್ರಿ," ಎಂದು ನಕ್ಕೂಬಿಟ್ಟ. ಅಪ್ಪ, "ಇದೇ ವಾರದಾಗೆ ಪ್ರಸ್ತ ಮಾಡಿ ಮುಗಿಸಾಣ. ಮಗು ಹುಟ್ಟಲಿ, ನಮ್ದೇ ಅಲ್ವ," ಅಂದ. ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಚಿಕ್ಕಪ್ಪನ ಮುಖ ಮಾತ್ರ ಕಪ್ಪಿಟ್ಟಿತ್ತು. ನಾನು ಅವರಿಗೆ ಸುಳ್ಳು ಹೇಳಿದ್ದೆ, ಅವರು ಹತ್ತು ಜನರ ಮುಂದೆ ಅದಕ್ಕೆ ಜಾಮೀನು ನಿಂತಿದ್ದರು.

"ಪ್ರಸ್ತ ಆಗಿ ಆರು ತಿಂಗಳಿಗೆ ಹೆತ್ರೆ ಊರ ಹೆಂಗಸರು ಬೆರಳು ಮಡಚಲ್ವ? ಇವನ ಪರೀಕ್ಷೆ ಮುಂದಿನ ತಿಂಗಳು. ಬಿ.ಎಡ್. ಯಾರು ಮಾಡ್ತಾರೆ? ಬಸಿರು ತೆಗೆಸಾಕೆ ಈಗ ಸರ್ಕಾರಾನೇ ಕಾನೂನು ತಂದೈತೆ. ದುರ್ಗದ ಆಸ್ಪತ್ರೆಯಲ್ಲಿ ಒಂದೇ ದಿನದ ಕೆಲಸ. ಯಾರಿಗೂ ಗೊತ್ತಾಗಲ್ಲ," ಅಂದರು.

ಅಪ್ಪ ಬೇಡವೆಂದ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ. "ಮಗು ನಿಂದು, ಹೆಂಡ್ತಿ ನಿನ್ನೋಳು. ನೀನೇನಂತೀಯ?"

ಅವಳನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು. ನನಗೆ ಹಾಸ್ಟೆಲಿನ ಹುಡುಗರ ನಗು ಕಣ್ಣಿಗೆ ಕಟ್ಟಿತು, ಕುರಿಯ ಹಿಂದೆ ಹೋಗು ಎಂದ ಚಿಕ್ಕಪ್ಪನ ಮಾತು ಕಿವಿಯಲ್ಲಿತ್ತು.

"ಚಿಕ್ಕಪ್ಪ ಹೇಳಿದಂಗೆ," ಅಂದೆ.

ಅಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಮಂದೆಯ ಕಡೆ ಹೊರಟ. ಆ ದಿನದಿಂದ ಅವನು ಆ ವಿಷಯ ಎತ್ತಲಿಲ್ಲ.

ಆಸ್ಪತ್ರೆಗೆ ಅವಳ ಜೊತೆ ಅತ್ತೆ ಬಂದಿದ್ದಳು. ಕಾಗದ ಬರೆಯುತ್ತಿದ್ದ ನರ್ಸಮ್ಮ ನನ್ನನ್ನು ನೋಡಿ, "ನೀವು ಯಾರು?" ಎಂದು ಕೇಳಿದರು.

"ಗಂಡ," ಅಂದೆ. ಜಗುಲಿಯ ಮೇಲೆ ಎಳೆದರೂ ಬಾರದ ಮಾತು ಅಲ್ಲಿ ಸಲೀಸಾಗಿ ಬಂತು.

ಕಾರಣ ಬರೆಯುವ ಜಾಗಕ್ಕೆ ಬಂದಾಗ ಅವರು, "ಏನಾದ್ರೂ ಉಪಯೋಗಿಸ್ತಿದ್ರಾ? ನಿರೋಧು?" ಎಂದು ಕೇಳಿದರು. ಚಿಕ್ಕಪ್ಪ ಮೊದಲೇ ಹೇಳಿಕೊಟ್ಟಿದ್ದರು. ಹೌದು ಅಂದೆ. ಉಪಯೋಗಿಸಿಯೂ ವಿಫಲವಾಗಿದೆ ಎಂದು ಅವರು ಬರೆದುಕೊಂಡರು, ನಾನು ಕೆಳಗೆ ಸಹಿ ಮಾಡಿದೆ. ಅವಳು ಏಳನೇ ಕ್ಲಾಸಿನ ತನಕ ಓದಿದವಳು. ನಾನು ಕೊಟ್ಟ ಪೆನ್ನು ತೆಗೆದುಕೊಳ್ಳದೆ ನರ್ಸಮ್ಮನ ಪೆನ್ನು ಕೇಳಿ ಇಸಕೊಂಡು, ಕಾಗದದ ಮೇಲಿದ್ದದ್ದನ್ನೆಲ್ಲ ನಿಧಾನವಾಗಿ ಓದಿ, ತನ್ನ ಹೆಸರು ಬರೆದಳು. ಹೊಡೆತ ತಿಂದ ಕೆನ್ನೆಯ ಮೇಲೆ ಹಳದಿ ಗುರುತು ಇನ್ನೂ ಇತ್ತು. ಅವತ್ತು ನನ್ನನ್ನು ನೋಡಲಿಲ್ಲ, ಅಳಲೂ ಇಲ್ಲ. ಮರುದಿನ ಅವಳನ್ನು ಹೊಸದುರ್ಗದ ಬಸ್ಸು ಹತ್ತಿಸಿ, ಹಾಸ್ಟೆಲಿಗೆ ಬಂದು, ಪುಸ್ತಕ ತೆರೆದು ಕೂತೆ. ಎರಡನೆಯ ದರ್ಜೆಯಲ್ಲಿ ಪಾಸಾದೆ.

ಆಮೇಲಿನ ಮೂರು ವರ್ಷ ಚಿಕ್ಕಪ್ಪನ ಯೋಜನೆಯಂತೆಯೇ ನಡೆಯಿತು. ಬಿ.ಎಡ್. ಆಯಿತು, ಹಿರಿಯೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು. ಹಬ್ಬಕ್ಕೆ ಹೋದಾಗ ಅವಳು ಮುದ್ದೆ ಇಟ್ಟು ಸಾರು ಬಿಟ್ಟು ಒಳಗೆ ಹೋಗುತ್ತಿದ್ದಳು. ಸಂತೆಯ ದಿನ ನಾನು ಮತ್ತೆ ಯಾವತ್ತೂ ಹೋಗಲಿಲ್ಲ. ಮೈ ಸುಮ್ಮನಾಯಿತೆಂದು ಹೇಳಲಾರೆ. ಮೈಗೆ ನಾಚಿಕೆ ಎಲ್ಲಿಂದ ಬರಬೇಕು. ಅವಳನ್ನು ನೆನೆದರೆ ಮೊದಲಿನಂತೆಯೇ ಕುದಿಯುತ್ತಿತ್ತು, ಕೂಡಲೇ ಆ ಜಗುಲಿ ನೆನಪಾಗಿ ತಣ್ಣಗಾಗುತ್ತಿತ್ತು. ಎರಡೂ ಒಟ್ಟಿಗೇ ಇದ್ದವು.

ಕೊನೆಗೆ ಚಿಕ್ಕಪ್ಪನೇ ದಿನ ನೋಡಿಸಿ ಪ್ರಸ್ತ ಇಡಿಸಿದರು. ಹೆಂಗಸರು ಅವಳಿಗೆ ಹೂ ಮುಡಿಸಿ, ನನಗೆ ಆರತಿ ಎತ್ತಿ, ಇಬ್ಬರನ್ನೂ ಮೊದಲ ಸಲ ಭೇಟಿಯಾಗುವವರೆಂಬಂತೆ ಕೀಟಲೆ ಮಾಡಿ ಕೋಣೆಗೆ ಬಿಟ್ಟರು. ಎಲ್ಲರಿಗೂ ಎಲ್ಲ ಗೊತ್ತಿತ್ತು, ಯಾರಿಗೂ ಏನೂ ಗೊತ್ತಿರಲಿಲ್ಲ. ತಂಗಿಯೂ ಅವರ ಜೊತೆ ನಿಂತು ಹಾಡುತ್ತಿದ್ದಳು.

ಅವಳು ಮಂಚದ ತುದಿಯಲ್ಲಿ ಕೂತಳು. ನಾನು ಮೂರು ವರ್ಷ ಜೋಡಿಸಿಟ್ಟುಕೊಂಡಿದ್ದ ಮಾತುಗಳಿದ್ದವು, ತಪ್ಪಾಯಿತು ಎಂಬುದರಿಂದ ಶುರುವಾಗುವಂಥವು. ಅವನ್ನು ಆಡುವ ಮೊದಲೇ ಅವಳು ಮಾತಾಡಿದಳು. ಬಾವ ಎನ್ನಲಿಲ್ಲ, ನೀನು ಎಂದೂ ಅನ್ನಲಿಲ್ಲ.

"ಒಂದು ಕೇಳ್ತೀನ್ರಿ. ನಾಳೆ ಯಾರಾನ ಕೇಳಿದ್ರೆ, ಇವತ್ತು ಬಂದಿದ್ದೆ ಅಂತ ಹೇಳ್ತೀರಾ?"

ಹಂಗಿಸಲು ಕೇಳಿದ್ದರೆ ನಾನು ಅವಳ ಕಾಲಿಗೆ ಬೀಳುತ್ತಿದ್ದೆ. ಅವಳು ಹಂಗಿಸಲಿಲ್ಲ. ಉತ್ತರ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.